ಇರುವೆಗೆ ಹಾಕುವ ಹಿಟ್ಟು

ಹಗರಿಬೊಮ್ಮನಹಳ್ಳಿಯ ಕೆಂಪು ನೆಲದಲ್ಲಿ ಹುಲ್ಲುಹಾಸು ಬೆಳೆಸುತ್ತೇನೆಂದು ಹೊರಟವನು ನನಗೆ ಗೊತ್ತಿದ್ದಂತೆ ನಮ್ಮಪ್ಪ ಒಬ್ಬನೇ. ಓಣಿಯ ಉಳಿದವರು ಮನೆ ಮುಂದಿನ ಜಾಗದಲ್ಲಿ ಎಮ್ಮೆ ಕಟ್ಟುತ್ತಿದ್ದರು, ಶೇಂಗಾ ಒಣಗಿಸುತ್ತಿದ್ದರು. ಅಪ್ಪ ಗೊಬ್ಬರ, ಬೀಜ ಮಾರುವ ಸೊಸೈಟಿಯಲ್ಲಿ ಗುಮಾಸ್ತ. ಯಾವುದೋ ಮೀಟಿಂಗಿಗೆಂದು ಕೂಡ್ಲಿಗಿಯ ಪ್ರವಾಸಿ ಮಂದಿರಕ್ಕೆ ಹೋದಾಗ ಸಾಹೇಬರೊಬ್ಬರು ಹಸಿರು ಹುಲ್ಲಿನ ಮೇಲೆ ಬೆತ್ತದ ಕುರ್ಚಿ ಹಾಕಿಕೊಂಡು ಚಾ ಕುಡಿಯುವುದನ್ನು ನೋಡಿಬಿಟ್ಟಿದ್ದ. ಅಲ್ಲಿಂದ ಅವನ ತಲೆ ಕೆಟ್ಟಿತು. ಎಪ್ಪತ್ತರ ದಶಕದ ಕೊನೆಯ ಮಾತು ಇದು. ನಾನಾಗ ಲಂಗ ಉಟ್ಟು ಶಾಲೆಗೆ ಹೋಗುತ್ತಿದ್ದೆ.

ಹುಲ್ಲು ಬಂದದ್ದು ಮಾಗಳದ ಹೊಳೆ ದಂಡೆಯಿಂದ. ಬೇರುಸಮೇತ ಕಿತ್ತ ಗರಿಕೆಯನ್ನು ಒದ್ದೆ ಗೋಣಿಚೀಲದಲ್ಲಿ ತುಂಬಿ, ಹಡಗಲಿಯಲ್ಲಿ ಬಸ್ಸು ಹತ್ತಿ, ಚೀಲವನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು ಅಪ್ಪ ಊರು ಮುಟ್ಟಿದ. ದಾರಿಯಲ್ಲಿ ಕಂಡಕ್ಟರು "ಎಮ್ಮಿಗೇನ್ರಿ?" ಎಂದು ಕೇಳಿದನಂತೆ. "ಕುಂದ್ರಾಕ" ಎಂದನಂತೆ ಅಪ್ಪ. ಅವ್ವ ಇದನ್ನು ಹೇಳಿ ಹೇಳಿ ನಗುತ್ತಿದ್ದಳು.

ಬಚ್ಚಲ ನೀರನ್ನೆಲ್ಲ ಕಾಲುವೆ ತೋಡಿ ಅತ್ತ ತಿರುಗಿಸಿದ್ದಕ್ಕೆ ಗರಿಕೆ ಹಿಡಿಯಿತು. ಗರಿಕೆಯ ಹಿಂದೆಯೇ ಕೆಂಪಿರುವೆ ಬಂದವು. ಎಲ್ಲೆಲ್ಲೂ ಒಣಗಿದ್ದ ಊರಿನಲ್ಲಿ ಒಂದು ತಂಪು ಜಾಗ ಸಿಕ್ಕರೆ ಅವು ಬಿಟ್ಟಾವೆಯೇ? ದಿನ ಬೆಳಗಾದರೆ ಹಸಿರಿನ ನಡುನಡುವೆ ಮಣ್ಣಿನ ಗುಪ್ಪೆಗಳು. ಅಪ್ಪ ಕುದಿಯುವ ನೀರು ಸುರಿದ, ಹುಲ್ಲೇ ಬೆಂದುಹೋಯಿತು. ಬೂದಿ ಹಾಕಿದ, ಸೀಮೆಎಣ್ಣೆ ಹಾಕಿದ. ಇರುವೆಗಳು ಅತ್ತಿಂದ ಎದ್ದು ಇತ್ತ ತೂತು ಕೊರೆದವು. ಕೊನೆಗೆ ಸೊಸೈಟಿಯಿಂದ ಪುಡಿ ತಂದ. ಅದರ ನಿಜವಾದ ಹೆಸರು ಏನಿತ್ತೋ, ನಮ್ಮ ಕಡೆ ಆ ಜಾತಿಯ ಪುಡಿಗಳನ್ನೆಲ್ಲ ಡಿಡಿಟಿ ಎಂದೇ ಕರೆಯುತ್ತಿದ್ದರು. ಮಾಸಲು ಬಿಳಿ ಬಣ್ಣ, ಮೂಗಿಗೆ ಹತ್ತಿ ಕೂರುವ ಮುಗ್ಗಲು ವಾಸನೆ. ಪುಡಿ ಬಿದ್ದಲ್ಲಿಗೆ ಇರುವೆಗಳು ಬರದೆ ಬಳಸಿಕೊಂಡು ಓಡಾಡಿದವು. ಸೊಸೈಟಿಯಲ್ಲಿ ಎಲ್ಲರ ಮೇಲೂ ಹರಿಹಾಯುವ ನಮ್ಮಪ್ಪ ಇರುವೆಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಪೇಚಾಡುವುದನ್ನು ನೋಡಿ ನಾನು ಒಳಗೊಳಗೇ ಖುಷಿಪಡುತ್ತಿದ್ದೆ.

ಅದೇ ಅಂಗಳದಲ್ಲಿ ನಮ್ಮಜ್ಜಿ, ಎಂದರೆ ಅಪ್ಪನ ತಾಯಿ, ದಿನಾ ಬೆಳಿಗ್ಗೆ ಇರುವೆಗಳಿಗೆ ಹಿಟ್ಟು ಹಾಕುತ್ತಿದ್ದಳು. ಜೋಳದ ಹಿಟ್ಟಿಗೆ ಬೆಲ್ಲದ ಪುಡಿ ಕಲಸಿ ಒಂದು ತಗಡಿನ ಡಬ್ಬಿಯಲ್ಲಿ ತುಂಬಿಟ್ಟುಕೊಂಡಿದ್ದಳು. ಮುಖ ತೊಳೆದು, ಹಣೆಗೆ ಇಟ್ಟುಕೊಂಡು, ಬಾಯಿಗೆ ಒಂದು ಗುಟುಕು ಚಾ ಬೀಳುವ ಮೊದಲೇ ಡಬ್ಬಿ ಹಿಡಿದು ಹೊರಗೆ ಬರುವಳು. ತೂತಿನ ಬಾಯಿಗೆ ಬೆರಳಲ್ಲಿ ಚಿಟಿಕೆ ಚಿಟಿಕೆಯಾಗಿ ಉದುರಿಸಿ, ಅವು ಹೊತ್ತುಕೊಂಡು ಒಳಗೆ ಹೋಗುವವರೆಗೂ ಕೂತಿರುವಳು. ಇರುವೆಗೆ ಸಕ್ಕರೆಯೋ ಹಿಟ್ಟೋ ಹಾಕುವುದು ನಮ್ಮ ಕಡೆ ಹೊಸದೇನಲ್ಲ. ಪುಣ್ಯಕ್ಕೆಂದು ಹಾಕುತ್ತಾರೆ, ಶನಿಕಾಟಕ್ಕೆಂದು ಹಾಕುತ್ತಾರೆ. ಅಜ್ಜಿಯ ಕಾರಣ ಬೇರೆ ಇತ್ತು.

ಅಪ್ಪನಿಗೆ ಒಬ್ಬಳು ತಂಗಿ ಇದ್ದಳು. ಅವರು ಕೋಗಳಿ ಹತ್ತಿರದ ಹಳ್ಳಿಯಲ್ಲಿದ್ದಾಗ ಆ ಹುಡುಗಿಗೆ ದಡಾರ ಎದ್ದಿತು. ಮೈಮೇಲೆ ಅಮ್ಮ ಬಂದಿರುವಾಗ ಸಿಹಿ ಕೊಡಬಾರದೆಂದು ಮನೆಯ ಹಿರಿಯರು ಕಟ್ಟುನಿಟ್ಟು ಮಾಡಿದರು. ಕೂಸು ಬೆಲ್ಲದ ಹಿಟ್ಟು ಬೇಕೆಂದು ಕೇಳಿತು. ಅಳುತ್ತ ಕೇಳಿತು, ಆಮೇಲೆ ಸಣ್ಣ ದನಿಯಲ್ಲಿ ಕೇಳಿತು, ಆಮೇಲೆ ಕೇಳಲಿಲ್ಲ. ಹಿರಿಯರ ಮಾತು ಮೀರಲಾರದೆ ಅಜ್ಜಿ ಕೊಡದೇ ಉಳಿದಳು. ಆ ಮಗುವನ್ನು ಮಣ್ಣು ಮಾಡಿ ಬಂದ ಮೇಲೆ ಶುರುವಾದದ್ದು ಈ ಹಿಟ್ಟು. "ಬಾಯಿಲ್ಲದ ಜೀವಕ್ಕ ಕೇಳಾಕ ಬರೂದಿಲ್ಲ. ಕೇಳೂಕಿಂತ ಮೊದ್ಲ ಕೊಟ್ಟುಬಿಡಬೇಕು" ಎನ್ನುತ್ತಿದ್ದಳು. ಇದು ನಮಗೆಲ್ಲ ಗೊತ್ತಿತ್ತು. ಅಪ್ಪನಿಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು, ತಂಗಿ ಕೇಳುತ್ತಿದ್ದಾಗ ಅವನು ಅದೇ ಮನೆಯಲ್ಲಿದ್ದ ಹುಡುಗ.

ಆ ವರ್ಷ ನನ್ನ ತಮ್ಮ ಹುಟ್ಟಿದ್ದ. ಮಧ್ಯಾಹ್ನ ಅವನನ್ನು ಪಡಸಾಲೆಯಲ್ಲಿ ಸೀರೆಯ ಜೋಳಿಗೆ ಕಟ್ಟಿ ಮಲಗಿಸುತ್ತಿದ್ದೆವು. ಒಂದು ದಿನ ಅವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಕೂಸು ಕಿಟಾರನೆ ಕಿರುಚಿತು. ಓಡಿಬಂದು ನೋಡಿದರೆ ಇರುವೆಯ ಸಾಲು ಗೋಡೆ ಹತ್ತಿ, ಜಂತಿ ದಾಟಿ, ಜೋಳಿಗೆಗುಂಟ ಇಳಿದಿದೆ. ಕಟಬಾಯಿಯಿಂದ ಹಾಲು ಹರಿದಿದ್ದ ಗಲ್ಲ, ಕಿವಿ, ಕಣ್ಣಿನ ರೆಪ್ಪೆ ಎಲ್ಲ ಕೆಂಪಿರುವೆ. ಊಟಕ್ಕೆ ಬಂದ ಅಪ್ಪ ಮಗುವನ್ನು ಅವ್ವನ ಕೈಯಿಂದ ಕಸಿದುಕೊಂಡು ಒಂದೊಂದನ್ನೇ ಹಿಡಿದು ತೆಗೆದ. ಕೂಸಿನ ಕಣ್ಣು ಬಾತು ಮುಚ್ಚಿಕೊಂಡಿತು. ಆಸ್ಪತ್ರೆಯಲ್ಲಿ ಮುಲಾಮು ಕೊಟ್ಟರು, ಬಾವು ಇಳಿಯುವವರೆಗೆ ಮನೆಯಲ್ಲಿ ಯಾರಿಗೂ ಅನ್ನ ರುಚಿಸಲಿಲ್ಲ.

"ಯವ್ವಾ, ನೀ ಹಿಟ್ಟು ಹಾಕೂದಕ್ಕ ಅವು ಇಲ್ಲಿ ಬಂದು ಸೇರ್ಯಾವು. ಇನ್ ನಿಲ್ಸಿಬಿಡು" ಎಂದ ಅಪ್ಪ.

"ಹೊಟ್ಟಿ ತುಂಬಿದ್ರ ಒಳಗ್ಯಾಕ ಬರ್ತಾವಪ್ಪ? ಬೇಲಿ ಕಡಿಗೆ ಹಾಕ್ತೀನಿ ತಗಾ. ಅತ್ಲಾಗ ಹೋಗ್ತಾವು."

"ಕೂಸಿನ ಕಣ್ಣು ಹೋಗಿದ್ರ ಏನ್ ಮಾಡ್ತಿದ್ದಿ?"

ಅಜ್ಜಿ ಕೂಸಿನ ಮುಖ ನೋಡಿ ಕಣ್ಣೊರೆಸಿಕೊಂಡಳು. ಮಾರನೆಯ ಬೆಳಿಗ್ಗೆ ಡಬ್ಬಿ ಹಿಡಿದು ಬೇಲಿಯ ಕಡೆಗೆ ನಡೆದಳು. ಅಪ್ಪ ಕಟ್ಟೆಯ ಮೇಲೆ ನಿಂತು ನೋಡಿದ. ಜಗತ್ತಿಗೆಲ್ಲ ದನಿ ಎತ್ತುವ ಮನುಷ್ಯ ತಾಯಿಗೆ ಮಾತ್ರ ಎರಡನೆಯ ಸಲ ಹೇಳಲಾರ.

ಹೇಳಲಾರದೇ ಹೋದದ್ದನ್ನು ಅವನು ಬೇರೆ ರೀತಿಯಲ್ಲಿ ಮಾಡಿದ. ಒಂದು ದಿನ ಅಜ್ಜಿ ಕೊಟ್ಟೂರಿಗೆ ನೆಂಟರ ಮನೆಗೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ಅಪ್ಪ ಸೊಸೈಟಿಯ ಪುಡಿಯನ್ನು ಅವಳ ಡಬ್ಬಿಯ ಹಿಟ್ಟಿನಲ್ಲಿ ಕಲಸಿಟ್ಟ. ಬರೀ ಪುಡಿಯನ್ನು ಮುಟ್ಟದ ಇರುವೆಗಳು ಬೆಲ್ಲದ ಹಿಟ್ಟನ್ನು ಬಿಡುವುದಿಲ್ಲ ಎಂಬುದು ಅವನ ಲೆಕ್ಕ. ಆ ವಾಸನೆ ಯಾರಿಗಾದರೂ ಗೊತ್ತಾಗಬೇಕಿತ್ತು. ಆದರೆ ನಶ್ಯ ಏರಿಸಿ ಏರಿಸಿ ಅಜ್ಜಿಯ ಮೂಗು ಯಾವತ್ತೋ ಕೆಟ್ಟಿತ್ತು. ಒಲೆಯ ಮೇಲೆ ಹಾಲು ಹೊತ್ತಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಅಪ್ಪನಿಗೆ ಅದೂ ಗೊತ್ತಿತ್ತು.

ಅಜ್ಜಿ ಎಂದಿನಂತೆ ಹಾಕಿದಳು, ಇರುವೆಗಳು ಎಂದಿನಂತೆ ಹೊತ್ತುಕೊಂಡು ಹೋದವು. ಸ್ವಲ್ಪ ದಿನಕ್ಕೆ ಸಾಲುಗಳು ತೆಳುವಾದವು. "ಯಾಕೋ ಕಮ್ಮಿ ಬರಾಕತ್ಯಾವು, ಹೊಟ್ಟಿಗಿಲ್ದ ಎಲ್ಲ್ಯರ ಹೊಂಟಾವೇನ" ಎಂದು ಅಜ್ಜಿಗೆ ಚಿಂತೆ ಹತ್ತಿತು. ಚಿಟಿಕೆ ಹಾಕುವವಳು ಹಿಡಿ ಹಿಡಿ ಹಾಕತೊಡಗಿದಳು. ಬೇಲಿಯ ಸಂದಿ, ಬಚ್ಚಲ ಹಿಂದೆ, ನೀರಿನ ತೊಟ್ಟಿಯ ಬುಡ, ಎಲ್ಲೆಲ್ಲಿ ತೂತಿದೆಯೋ ಅಲ್ಲೆಲ್ಲ ಸೊಂಟ ಬಗ್ಗಿಸಿ ಹುಡುಕಿ ಹುಡುಕಿ ಉಣಿಸಿದಳು.

ಡಬ್ಬಿ ಬೇಗ ತಳ ಕಂಡಿತು. ಹೊಸ ಹಿಟ್ಟು ತುಂಬಲು ಮುಚ್ಚಳ ತೆಗೆದ ಅವ್ವ ಮುಖ ಕಿವಿಚಿದಳು.

"ಇದ್ಯಾಕ್ರಿ, ಅತ್ತಿ ಡಬ್ಬಿ ಡಿಡಿಟಿ ವಾಸನಿ ಹೊಡಿಯಾಕತ್ತೈತಿ?"

ಅಪ್ಪ ಅಂಗಳದಲ್ಲಿ ಕನ್ನಡಿ ನೇತುಹಾಕಿಕೊಂಡು ಗಡ್ಡ ಹೆರೆಯುತ್ತಿದ್ದ. ಅಜ್ಜಿ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಅವಳು ಮೊರವನ್ನು ಮೆಲ್ಲಗೆ ಕೆಳಗಿಟ್ಟಳು. ಸುಳ್ಳು ಹೇಳಲು ಅಪ್ಪನಿಗೆ ಬೇಕಾದಷ್ಟು ದಾರಿಯಿತ್ತು, ಹೇಳಲಿಲ್ಲ.

"ಕೂಸಿನ ಸಲುವಾಗಿ ಮಾಡೀನಿ ಯವ್ವಾ" ಎಂದ.

"ಯಾವತ್ತಿಂದ?"

"ನೀ ಕೊಟ್ಟೂರಿಗೆ ಹೋಗಿದ್ಯಲ್ಲ, ಅವತ್ತಿಂದ."

ಅಜ್ಜಿ ತನ್ನ ಬಲಗೈಯನ್ನು ತಿರುಗಿಸಿ ಅಂಗೈ ನೋಡಿಕೊಂಡಳು. ಕೂಗಾಡಲಿಲ್ಲ. "ನೀ ಹಾಕಿದ್ರ ನಾ ಅತ್ತು ಸುಮ್ನಾಗ್ತಿದ್ನೆಪ್ಪ. ಕೂಸಿಗಿಂತ ಹೆಚ್ಚಿನವೇನಲ್ಲ ಅವು. ನನ್ನ ಕೈಲೆ ಯಾಕ ಹಾಕಿಸಿದಿ?" ಎಂದಳು.

ಅಪ್ಪನ ಒಂದು ಕೆನ್ನೆಯ ಮೇಲೆ ಸೋಪಿನ ನೊರೆ ಹಾಗೆಯೇ ಒಣಗಿತು.

ಆ ಮಳೆಗಾಲ ನಮ್ಮ ಹುಲ್ಲು ಊರೆಲ್ಲ ನೋಡುವಂತೆ ಬೆಳೆಯಿತು. ಒಂದು ಗುಪ್ಪೆ ಇಲ್ಲ, ಒಂದು ಇರುವೆ ಇಲ್ಲ. ಅಪ್ಪ ಕುರ್ಚಿ ಹಾಕಿಕೊಂಡು ಕೂತದ್ದನ್ನು ಮಾತ್ರ ನಾನು ನೋಡಲಿಲ್ಲ. ಬೇಸಿಗೆಯಲ್ಲಿ ಕಾಲುವೆ ಮುಚ್ಚಿಹೋಯಿತು, ಅವನು ಬಿಡಿಸಲಿಲ್ಲ, ಹುಲ್ಲು ಒಣಗಿತು.

ಅಜ್ಜಿ ಮಗನ ಜೊತೆ ಮಾತು ಬಿಟ್ಟಿದ್ದರೆ ಚೆನ್ನಾಗಿತ್ತು. ಅವಳು ಬಿಡಲಿಲ್ಲ. ಅದೇ ಕೈಯಿಂದ ಅಕ್ಕಿ ಆರಿಸಿದಳು, ನನ್ನ ಜಡೆ ಹೆಣೆದಳು, ಮಗನ ಅಂಗಿಗೆ ಗುಂಡಿ ಹಚ್ಚಿದಳು. ಒಂದು ಕೆಲಸವನ್ನು ಮಾತ್ರ ಬಿಟ್ಟಳು. ಅಲ್ಲಿಯವರೆಗೆ ನಮ್ಮ ಸಂಜೆಯ ಊಟವೆಂದರೆ ಅಜ್ಜಿ ದೊಡ್ಡ ತಾಟಿನಲ್ಲಿ ಅನ್ನ ಸಾರು ಕಲಸಿ, ಸುತ್ತ ಕೂತ ಮಕ್ಕಳೆಲ್ಲರ ಬಾಯಿಗೆ ಸರದಿಯಂತೆ ತುತ್ತು ಇಡುವುದು. ಡಬ್ಬಿಯ ಸಂಗತಿ ತಿಳಿದ ದಿನ ಸಂಜೆ ತಾಟನ್ನು ಅವ್ವನ ಕಡೆ ಸರಿಸಿ, "ನೀನ ಹಾಕವ್ವ" ಎಂದಳು. ಒಂದೆರಡು ದಿನದ ಸಿಟ್ಟು, ಇಳಿಯುತ್ತದೆ ಎಂದುಕೊಂಡೆವು. ತಮ್ಮ ಮೆತ್ತಗಿನ ಅನ್ನ ತಿನ್ನುವಷ್ಟಾದಾಗ ಅವ್ವ ಅವನನ್ನು ಬೇಕೆಂದೇ ಅಜ್ಜಿಯ ತೊಡೆಯ ಮೇಲೆ ಕೂರಿಸಿ ಬಟ್ಟಲು ಪಕ್ಕದಲ್ಲಿಟ್ಟಳು. ಅವನು ಬಾಯಿ ತೆರೆದು ಕಾದ. "ಈ ಕೈ ಬ್ಯಾಡ" ಎಂದು ಅಜ್ಜಿ ಕೂಸನ್ನು ವಾಪಸು ಕೊಟ್ಟಳು. ಅವಳಿಗೆ ಅಷ್ಟು ಪ್ರೀತಿಯ ಮೊಮ್ಮಗ ಅವಳ ಕೈಯ ಒಂದು ತುತ್ತೂ ಕಾಣದೆ ಬೆಳೆದ.

ನನಗೆ ಎಷ್ಟೋ ವರ್ಷ ಅಪ್ಪನ ಮೇಲೆ ಸಿಟ್ಟಿತ್ತು. ಈಗ ಅಷ್ಟಿಲ್ಲ. ಮಗುವಿನ ರೆಪ್ಪೆಯಿಂದ ಇರುವೆ ಬಿಡಿಸುತ್ತಿದ್ದ ಆ ಕೈಯನ್ನೂ ನಾನು ನೋಡಿದ್ದೇನಲ್ಲ.

ತಮ್ಮ ಶಾಲೆಗೆ ಸೇರಿದ ಮೇಲೆ ಒಮ್ಮೆ ಅಪ್ಪನಿಗೆ ಕಾಮಾಲೆಯಾಯಿತು. ಮೈ ಕಡ್ಡಿಯಾಯಿತು, ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದ. ಒಂದು ಮಧ್ಯಾಹ್ನ ಗೋಡೆ ಹಿಡಿದು ನಡೆದು ಬಂದು ಅಜ್ಜಿಯ ಮುಂದೆ ನೆಲದ ಮೇಲೆ ಕೂತ.

"ಯವ್ವಾ, ನೀ ತುತ್ತು ಹಾಕಿದ್ರ ಉಣ್ತೀನಿ."

ಅಜ್ಜಿ ಮಗನ ಹಳದಿಗಣ್ಣು ನೋಡಿದಳು. ಅವ್ವನಿಂದ ಮಜ್ಜಿಗೆ ಅನ್ನ ತರಿಸಿಕೊಂಡು, ಕಲಸಿ, ತುತ್ತು ಕಟ್ಟಿ ಎತ್ತಿದಳು. ಅಪ್ಪ ಬಾಯಿ ತೆರೆದ. ಕೈ ಅವನ ಗದ್ದದವರೆಗೆ ಹೋಗಿ ನಿಂತಿತು. ಇನ್ನೊಂದು ಕೈಯಿಂದ ಅವನ ಅಂಗೈಯನ್ನು ಬಿಡಿಸಿ ತುತ್ತನ್ನು ಅದರಲ್ಲಿಟ್ಟು, "ನೀನ ಬಾಯಾಗ ಇಟ್ಕಾ, ಯಪ್ಪಾ" ಎಂದಳು.

ಅಪ್ಪ ಇಟ್ಟುಕೊಂಡ. ಮತ್ತೆ ಅಂಗೈ ಒಡ್ಡಿದ. ತಾಟು ಬರಿದಾಗುವವರೆಗೂ ಅವಳು ತುತ್ತು ಕಟ್ಟಿ ಕಟ್ಟಿ ಅವನ ಅಂಗೈಗೆ ಇಡುತ್ತ ಹೋದಳು, ಅವನು ಅಳುತ್ತ ತಾನೇ ಉಣ್ಣುತ್ತ ಹೋದ.