ಮೊಡವೆಗೆ ಕೊಟ್ಟ ಮಾತ್ರೆ

ನನ್ನ ಎರಡು ಕೆನ್ನೆಗಳ ಮೇಲೂ ಸಣ್ಣ ಸಣ್ಣ ಗುಳಿಗಳಿವೆ. ನಾನು ಪಾಠ ಹೇಳುತ್ತಿದ್ದ ಶಾಲೆಯ ಮಕ್ಕಳು ಅವನ್ನು ಸಿಡುಬಿನ ಕಲೆ ಎಂದುಕೊಂಡಿದ್ದರು. ನಾನು ತಿದ್ದಲಿಲ್ಲ. ಸಿಡುಬು ಬಂದು ಬದುಕಿ ಉಳಿದವಳು ಎಂದರೆ ಒಂದಿಷ್ಟು ಮರ್ಯಾದೆಯಾದರೂ ಇರುತ್ತದೆ. ಮೊಡವೆ ಬಂದವಳಿಗೆ ಯಾರೂ ಮರ್ಯಾದೆ ಕೊಡುವುದಿಲ್ಲ, ಬುದ್ಧಿ ಹೇಳುತ್ತಾರೆ. ಕಡಲೆಕಾಯಿ ತಿನ್ನಬೇಡ, ಮಾವಿನಹಣ್ಣು ಮುಟ್ಟಬೇಡ, ಕನ್ನಡಿ ಮುಂದೆ ನಿಲ್ಲಬೇಡ. ನೀರು ಸೇದಲು ಹೋದರೂ, ಕಾಲೇಜಿಗೆ ಹೊರಟರೂ ಯಾರಾದರೊಬ್ಬರು ನನ್ನ ಮುಖ ನೋಡಿ ಮದ್ದು ಹೇಳುತ್ತಿದ್ದರು. ಹತ್ತೊಂಬತ್ತರ ವಯಸ್ಸಿಗೆ ನನಗೆ ಜನರ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಆಗ ನಾವು ಮೈಸೂರಿನ ಜಯಲಕ್ಷ್ಮಿಪುರಂನಲ್ಲಿದ್ದೆವು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ನಮ್ಮ ಒಕ್ಕಲು ಮನೆತನದಲ್ಲಿ ಮೊದಲು ಓದಿದವರು. ಅವ್ವನಿಗೆ ಓದು ಬರಹ ಇರಲಿಲ್ಲ. ಹಳ್ಳಿ ಬಿಟ್ಟು ಬಂದರೂ ಹಸು ಸಾಕುವುದನ್ನು ಬಿಟ್ಟಿರಲಿಲ್ಲ. ಹಿತ್ತಲಿನಲ್ಲಿ ಒಂದು ಮೋಟು ಕೊಟ್ಟಿಗೆ, ಅದರಲ್ಲಿ ಯಾವಾಗಲೂ ಒಂದು ಹಸು. ಅಂಗಡಿ, ಆಸ್ಪತ್ರೆ, ಅಂಚೆ ಕಚೇರಿ ಎಲ್ಲ ಅಪ್ಪನ ಪಾಲು. ನೆಂಟರ ಮನೆಗೆ ಹೋಗುವಾಗಲೂ ಅವ್ವ ಯಾರಾದರೂ ಜೊತೆಗಿಲ್ಲದೆ ಬೀದಿ ದಾಟಿದವಳಲ್ಲ.

ಮೊಡವೆ ಎಂದರೆ ಒಂದೆರಡು ಗುಳ್ಳೆಯಲ್ಲ. ಹಣೆಯಿಂದ ಗಲ್ಲದವರೆಗೆ ಕೆಂಪಾಗಿ ಊದಿ, ಕೀವು ತುಂಬಿ, ದಿಂಬಿಗೆ ಕೆನ್ನೆ ತಾಗಿದರೆ ಉರಿಯುತ್ತಿತ್ತು. ಅವ್ವ ಜಾಯಿಕಾಯಿ ತೇದು ಹಚ್ಚಿದಳು, ಬೇವಿನ ಸೊಪ್ಪು ಅರೆದು ಮೆತ್ತಿದಳು, ಕಡಲೆಹಿಟ್ಟಿನಲ್ಲಿ ಉಜ್ಜಿದಳು. ನಾನು ಒಂದೊಂದು ದಿನ ಒಂದೊಂದು ಬಣ್ಣದಲ್ಲಿ ಹಿತ್ತಲಲ್ಲಿ ಕೂತಿರುತ್ತಿದ್ದೆ. ಹಸು ಕೂಡ ನನ್ನನ್ನು ಕಂಡು ಬೆದರುತ್ತದೆ ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ನಾನು ನಗುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ವಾರ ನನ್ನನ್ನು ನೋಡಲು ಬನ್ನಿಮಂಟಪದ ಕಡೆಯಿಂದ ಒಂದು ಮನೆಯವರು ಬಂದರು. ಹುಡುಗ ಹೈಸ್ಕೂಲಿನಲ್ಲಿ ಮೇಷ್ಟ್ರು. ತಂದೆ ಇರಲಿಲ್ಲ, ತಾಯಿಯ ಮಾತೇ ಮಾತು. ಅದಕ್ಕೆ ಮೊದಲು ಬಂದಿದ್ದ ಎರಡು ಗಂಡುಗಳೂ ನನ್ನ ಮುಖ ನೋಡಿ ಉಪ್ಪಿಟ್ಟು ತಿಂದು ಹೋಗಿದ್ದವು. ಹಾಗಾಗಿ ನಾನು ತಲೆ ತಗ್ಗಿಸಿಯೇ ಕೂತಿದ್ದೆ. ಈತ ಮಾತ್ರ ನನ್ನನ್ನೇ ಕೇಳಿದ.

"ಲೆಕ್ಕ ತಗೊಂಡಿದ್ದೀರಂತೆ ಬಿ.ಎಸ್ಸಿಗೆ. ಮುಂದೆ ಪಾಠ ಹೇಳೋ ಆಸೆ ಇದ್ಯಾ? ನಮ್ಮ ಸ್ಕೂಲಲ್ಲಿ ಹೆಣ್ಣುಮಕ್ಕಳಿಗೆ ಲೆಕ್ಕ ಹೇಳೋರೇ ಇಲ್ಲ."

"ಇದೆ" ಎಂದೆ. ತಲೆ ಎತ್ತಿ ಹೇಳಿದೆ. ಅವನು ನನ್ನ ಕಣ್ಣನ್ನು ನೋಡುತ್ತಿದ್ದ, ಕೆನ್ನೆಯನ್ನಲ್ಲ. ಅಷ್ಟು ಸಾಕಾಯಿತು ನನಗೆ. ಆ ಮನೆಗೇ ಹೋಗಬೇಕು ಎಂದು ಮನಸ್ಸು ಕೂತಲ್ಲೇ ತೀರ್ಮಾನ ಮಾಡಿಬಿಟ್ಟಿತು. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ, ನನಗೆ ಅವನು ಬೇಕಾಗಿದ್ದ.

ಹೊರಡುವಾಗ ಅವನ ತಾಯಿ ಅವ್ವನ ಕೈ ಹಿಡಿದುಕೊಂಡು ಹೇಳಿದರು: "ಹುಡುಗಿ ಒಳ್ಳೇವ್ಳು, ಜಾತಕವೂ ಕೂಡ್ತದೆ. ಮೊಕ ಒಂಚೂರು ವಾಸಿಯಾಗ್ಲಿ ಕಣವ್ವ. ಯುಗಾದಿ ಕಳದ್ಮೇಲೆ ಬಂದು ಮಾತಾಡ್ತೀವಿ."

ಆ ರಾತ್ರಿ ಊಟ ಮಾಡುತ್ತಾ ಅಪ್ಪ ಡಾಕ್ಟರ ಹತ್ತಿರ ಹೋಗೋಣ ಎಂದರು. ಮೊಡವೆಗೆ ಡಾಕ್ಟರೇ ಎಂದು ಅವ್ವ ಬಾಯಿ ಬಿಟ್ಟಳು. ಜ್ವರಕ್ಕೆ, ಹೆರಿಗೆಗೆ ಡಾಕ್ಟರು, ಮುಖಕ್ಕೆ ಯಾರು ಹೋಗುತ್ತಾರೆ? ಆದರೂ ಯುಗಾದಿಗೆ ಉಳಿದದ್ದು ಎರಡೂವರೆ ತಿಂಗಳು. ಮರುದಿನ ಅಪ್ಪ ಕರೆದುಕೊಂಡು ಹೋದರು. ಡಾಕ್ಟರು ವಯಸ್ಸಾದವರು, ಮೂಗಿನ ತುದಿಯಲ್ಲಿ ಕನ್ನಡಕ. ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, ಇದಕ್ಕೆ ಹೊಟ್ಟೆಗೆ ತೆಗೆದುಕೊಳ್ಳುವ ಹೊಸ ಔಷಧಿ ಬಂದಿದೆ, ಕೀವಿನ ರೋಗಕ್ಕೆ ಕೊಡುವಂಥದೇ, ಎರಡು ತಿಂಗಳು ಬಿಡದೆ ನುಂಗಿದರೆ ಮೊಡವೆ ಇಳಿಯಬಹುದು ಎಂದರು. ಬೆಳಿಗ್ಗೆ ಒಂದು, ಸಂಜೆ ಒಂದು, ಬರೀ ಹೊಟ್ಟೆಯಲ್ಲಿ, ನೀರಿನ ಜೊತೆ. ಅಪ್ಪ ಈ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದು, ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಅವ್ವನಿಗೆ ಒಪ್ಪಿಸಿದರು.

ಅದು ಹಳದಿ ಬಣ್ಣದ ಕ್ಯಾಪ್ಸೂಲು. ನಮ್ಮ ಮನೆಯಲ್ಲಿ ಯಾರೂ ಅಂಥದನ್ನು ಕಂಡಿರಲಿಲ್ಲ. ಅವ್ವ ಒಂದನ್ನು ಎರಡು ಹೋಳು ಮಾಡಿ, ಒಳಗಿನ ಪುಡಿಯನ್ನು ನಾಲಗೆಯ ತುದಿಗೆ ಮುಟ್ಟಿಸಿದಳು. ಮುಖ ಕಿವುಚಿ ಬಚ್ಚಲಿಗೆ ಓಡಿ ಬಾಯಿ ತೊಳೆದು ಬಂದಳು.

"ಬೆಂಕಿ ಕಣ್ರೀ ಇದು. ಇದ್ನ ಬರೀ ಹೊಟ್ಟೇಲಿ ನೀರಲ್ಲಿ ನುಂಗಿಸ್ತೀರಾ? ಮಗೀನ ಕರುಳು ಸುಟ್ಟೋಯ್ತದೆ."

"ಡಾಕ್ಟ್ರು ಹೇಳವ್ರೆ ಕಣೇ."

"ಡಾಕ್ಟ್ರು ಗಂಡ್ಸು, ಅವ್ರಿಗೇನ್ ಗೊತ್ತು. ಆಚೆಮನೆ ಹುಡುಗ್ನಿಗೆ ಇಂಗ್ಲೀಷ್ ಔಸ್ದಿ ಕೊಟ್ಟು ಬಾಯೆಲ್ಲ ಹುಣ್ಣಾಗಿ ಎಂಗಾಗಿದ್ದ, ನೋಡ್ಲಿಲ್ವಾ? ಹಾಲು ತುಪ್ಪ ಕೊಟ್ಟಿದ್ರೆ ಅಂಗಾಗ್ತಿತ್ತಾ? ನಾನು ಹಾಲಲ್ಲಿ ಕೊಡ್ತೀನಿ."

ಅಪ್ಪ ಪೊಟ್ಟಣವನ್ನು ಅವಳ ಕೈಗಿಟ್ಟು, "ಹಾಲೇನು ವಿಷವಾ, ಕೊಟ್ಬುಡು" ಎಂದರು. ಔಷಧಿ ಎಂದರೆ ಉಷ್ಣ, ಉಷ್ಣಕ್ಕೆ ಹಾಲು. ಆ ಕಾಲದಲ್ಲಿ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು. ನಾನು ವಿಜ್ಞಾನ ಓದುತ್ತಿದ್ದವಳು, ನನಗೂ ಅದು ತಪ್ಪೆಂದು ಹೊಳೆಯಲಿಲ್ಲ.

ಹಸು ಆಗ ಗಬ್ಬವಾಗಿ ಹಾಲು ಬತ್ತಿಸುತ್ತಿತ್ತು. ಎರಡು ಹೊತ್ತೂ ಸೇರಿ ಎರಡು ಲೋಟ ಆದರೆ ಹೆಚ್ಚು. ಬೆಳಗಿನ ಲೋಟವೂ ನನಗೆ, ಸಂಜೆಯ ಲೋಟವೂ ನನಗೆ. ಅಪ್ಪ ಅವ್ವ ಬೆಲ್ಲ ಹಾಕಿದ ಕರಿ ಕಾಫಿ ಕುಡಿದರು. ಕಾಫಿಯ ವಿಷಯದಲ್ಲಿ ಅವ್ವ ಎಂಥ ರುಚಿಗಾತಿ ಎಂದರೆ, ಹಾಲು ಒಂದು ತೊಟ್ಟು ಕಡಿಮೆಯಾದರೂ ಲೋಟ ದೂರ ಸರಿಸುತ್ತಿದ್ದವಳು. ಅವಳು ಆ ಎರಡು ತಿಂಗಳು ಕರಿ ಕಾಫಿಯನ್ನು ಒಂದೇ ಗುಟುಕಿಗೆ, ಕಷಾಯದ ಹಾಗೆ ಕುಡಿದು ಏಳುತ್ತಿದ್ದಳು. ನನ್ನ ಲೋಟದ ಹಾಲನ್ನು ಎರಡು ಸಲ ಆರಿಸಿ, ನಾನು ಕ್ಯಾಪ್ಸೂಲು ನುಂಗಿ ಲೋಟ ಖಾಲಿ ಮಾಡುವವರೆಗೂ ಎದುರಿಗೇ ನಿಂತಿರುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ. ಜ್ವರ ಬಂದು ಮಲಗಿದ ದಿನವೂ ಗೋಡೆ ಹಿಡಿದುಕೊಂಡು ಎದ್ದು ಬಂದು ಹಾಲು ಕಾಯಿಸಿದಳು.

ಒಂದು ತಿಂಗಳಾಯಿತು. ಮುಖ ಇದ್ದ ಹಾಗೇ ಇತ್ತು. ಡಾಕ್ಟರು ಹುಬ್ಬು ಗಂಟಿಕ್ಕಿ, "ಸರಿಯಾಗಿ ನುಂಗ್ತಿದ್ದೀಯೇನಮ್ಮ?" ಎಂದು ಕೇಳಿದರು. "ಎರಡು ಹೊತ್ತೂ ನುಂಗ್ತೀನಿ ಸಾರ್" ಎಂದೆ. ಅದು ನಿಜವೇ. ಯಾವುದರ ಜೊತೆ ಎಂದು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ನೀರಿನ ಜೊತೆ ಎಂದು ತಾವೇ ಹೇಳಿದ ಮೇಲೆ ಮತ್ತೆ ಕೇಳುವುದೇನು ಎಂದುಕೊಂಡಿರಬೇಕು. ಇನ್ನೊಂದು ತಿಂಗಳಿಗೆ ಬರೆದುಕೊಟ್ಟರು. ನಾನು ಪ್ರತಿದಿನ ಬೆಳಿಗ್ಗೆ ಕನ್ನಡಿಯಲ್ಲಿ ಮೊಡವೆ ಎಣಿಸತೊಡಗಿದೆ. ಒಂದು ಬತ್ತಿದರೆ ಪಕ್ಕದಲ್ಲಿ ಎರಡು ಏಳುತ್ತಿದ್ದವು. ಯುಗಾದಿ ಹತ್ತಿರ ಬಂದ ಹಾಗೆ ಎಣಿಸುವುದನ್ನು ಬಿಟ್ಟೆ.

ಹಬ್ಬ ಕಳೆದು ನಾಲ್ಕನೆಯ ದಿನ ಆ ತಾಯಿ ಬಂದರು. ಮಗ ಬಂದಿರಲಿಲ್ಲ. ಕೊಟ್ಟ ಮಜ್ಜಿಗೆ ಕುಡಿದು, ನನ್ನನ್ನು ಒಂದೇ ಒಂದು ಸಲ ನೋಡಿ, ಅವ್ವನ ಹತ್ತಿರ ಹಸುವಿನ ವಿಷಯ ಮಾತಾಡಿ ಎದ್ದುಹೋದರು. ಆಮೇಲೆ ಜಾತಕ ಕೂಡಲಿಲ್ಲ ಎಂದು ಹೇಳಿಕಳಿಸಿದರು. ಕೂಡುತ್ತದೆ ಎಂದು ಅವರೇ ಹೇಳಿದ್ದ ಜಾತಕ ಅದು. ಅವನ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಕಣ್ಣು ನೋಡಿ ಮಾತಾಡಿದವನು ತಾಯಿಯ ಎದುರು ಒಂದು ಮಾತು ಆಡಬಹುದಾಗಿತ್ತು.

ಅವ್ವ ಇಂಗ್ಲಿಷ್ ಔಷಧಿಗೆ ಹಿಡಿಶಾಪ ಹಾಕಿದಳು. ನಾನು ಬಿ.ಎಸ್ಸಿ ಮುಗಿಸಿ, ಟೀಚರ್ ತರಬೇತಿಯ ಬಿ.ಟಿ. ಮಾಡಿ, ಶ್ರೀರಾಂಪುರದ ಆಚೆಯ ಒಂದು ಶಾಲೆಗೆ ಲೆಕ್ಕದ ಟೀಚರ್ ಆದೆ. ಇಪ್ಪತ್ತನಾಲ್ಕರ ಹೊತ್ತಿಗೆ ಮೊಡವೆ ತಾನಾಗಿಯೇ ನಿಂತಿತು, ಗುಳಿಗಳು ಉಳಿದವು. ಮತ್ತೆ ಬಂದ ಗಂಡುಗಳ ಎದುರು ನಾನು ಕೂರಲಿಲ್ಲ. ಅಪ್ಪ ತೀರಿಕೊಂಡರು. ಮನೆಯಲ್ಲಿ ನಾನು, ಅವ್ವ, ಹಸು.

ಅಪ್ಪ ಹೋದ ಮರುವರ್ಷ ಕೊಟ್ಟಿಗೆಯಲ್ಲಿ ನನ್ನ ಪಾದಕ್ಕೆ ಮೊಳೆ ಚುಚ್ಚಿ ಕೀವಾಯಿತು. ಆಸ್ಪತ್ರೆಯಲ್ಲಿ ಹೊಸದಾಗಿ ಬಂದಿದ್ದ ಲೇಡಿ ಡಾಕ್ಟರು ಗಾಯ ತೊಳೆದು, ಬಟ್ಟೆ ಕಟ್ಟಿ, ಮಾತ್ರೆ ಬರೆದರು. ನೋಡಿದರೆ ಅದೇ ಹಳದಿ ಕ್ಯಾಪ್ಸೂಲು.

"ನೀರಲ್ಲೇ ತಗೋಬೇಕು. ಹಾಲು, ಮೊಸರು, ಮಜ್ಜಿಗೆ ಯಾವುದರ ಜೊತೆಗೂ ಬೇಡ" ಎಂದರು.

"ಯಾಕೆ ಡಾಕ್ಟ್ರೇ?"

"ಹಾಲಲ್ಲಿರೋ ಸುಣ್ಣದ ಅಂಶ ಈ ಔಷಧೀನ ಹಿಡ್ಕೊಂಡ್ಬಿಡತ್ತೆ. ರಕ್ತಕ್ಕೆ ಸರಿಯಾಗಿ ಸೇರೋದಿಲ್ಲ. ನುಂಗಿದ್ದರಲ್ಲಿ ಬಹಳಷ್ಟು ದಂಡ."

ನಾನು ಬೆಂಚಿನ ಮೇಲೆ ಹಾಗೇ ಕೂತುಬಿಟ್ಟೆ. ಹಿಂದೆ ಇದ್ದವರು ಏಳಮ್ಮ ಎಂದ ಮೇಲೆ ಎದ್ದೆ. ಕುಂಟುತ್ತಾ ಮನೆಗೆ ಬರುವಾಗ ಎರಡು ತಿಂಗಳ ಎಲ್ಲ ಲೋಟಗಳೂ ಕಣ್ಣ ಮುಂದೆ ಬಂದವು. ಈಗ ಯೋಚಿಸಿದರೆ, ನೀರಿನಲ್ಲಿ ನುಂಗಿದ್ದರೂ ಮೊಡವೆ ಹೋಗುತ್ತಿತ್ತು ಎಂದು ಹೇಳುವವರು ಯಾರು? ಹೋಗಿದ್ದರೂ ಆ ತಾಯಿ ಬೇರೆ ಕೊರತೆ ಹುಡುಕುತ್ತಿದ್ದರೋ ಏನೋ. ಅಂದು ಈ ವಿವೇಕ ನನಗಿರಲಿಲ್ಲ.

ಮನೆಯಲ್ಲಿ ಅವ್ವ ಒಲೆಯ ಮುಂದೆ ಇದ್ದಳು. ಮಾತ್ರೆಯ ಪೊಟ್ಟಣ ನೋಡಿದ್ದೇ ಹಾಲಿನ ಪಾತ್ರೆಗೆ ಕೈಹಾಕಿದಳು.

"ಬಾ ಕಣವ್ವ, ಬಿಸಿ ಹಾಲದೆ. ಇದ್ರಲ್ಲಿ ನುಂಗ್ಬುಡು."

"ನಿನ್ನ ಹಾಲಿಂದ್ಲೇ ನನ್ನ ಬಾಳು ಹಾಳಾಯ್ತು" ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ಪಾಠ ಒಪ್ಪಿಸುವ ಹಾಗೆ ಒಪ್ಪಿಸಿದೆ. ಹಾಲು ಔಷಧಿಯನ್ನು ಹಿಡಿದುಕೊಳ್ಳುತ್ತದೆ, ಮೈಗೆ ಸೇರಿಸುವುದಿಲ್ಲ, ನಾನು ನುಂಗಿದ್ದೆಲ್ಲ ದಂಡ, ನೀರು ಕೊಟ್ಟಿದ್ದರೆ ಇವತ್ತು ನನಗೂ ಒಂದು ಮನೆ ಇರುತ್ತಿತ್ತು. ಇಷ್ಟು ವರ್ಷ ಯಾರ ಮೇಲೆ ತೀರಿಸಿಕೊಳ್ಳಬೇಕೋ ಗೊತ್ತಿರದ ಸಿಟ್ಟಿಗೆ ಒಬ್ಬಳು ಸಿಕ್ಕಿದ್ದಳು.

ಅವ್ವ ಪಾತ್ರೆ ಕೆಳಗಿಟ್ಟಳು. "ನಿಮ್ಮಪ್ಪ ಹೇಳಿದ್ರು, ನೀರಲ್ಲಿ ಅಂತ. ನಾನೇ ಕೇಳ್ಲಿಲ್ಲ" ಎಂದಳು. ಅಳಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆನೇನೋ. ಎದ್ದು ಕೊಟ್ಟಿಗೆಗೆ ಹೋದಳು.

ಆಮೇಲೆ ಐದು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು. ನಾನು ಕ್ಯಾಪ್ಸೂಲನ್ನು ನೀರಿನಲ್ಲಿ ನುಂಗಿದೆ, ಕಾಲು ವಾಸಿಯಾಗುತ್ತಾ ಬಂತು. ಆಡಿದ ಮಾತಿಗೆ ಕ್ಷಮೆ ಕೇಳಬೇಕೆಂದು ದಿನವೂ ಅಂದುಕೊಂಡೆ, ಕೇಳಲಿಲ್ಲ. ಮಾತ್ರೆ ಮುಗಿದ ಮೇಲೆ ಶಾಲೆಗೆ ಹೋದೆ. ಸಂಜೆ ಮನೆಗೆ ಬಂದರೆ ಅವ್ವ ಒಳ್ಳೆಯ ಸೀರೆ ಉಟ್ಟಿದ್ದಳು, ಪಾದದ ತುಂಬ ಬೀದಿಯ ಧೂಳು. ಖಾಲಿ ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡು, ದಾರಿಯಲ್ಲಿ ಕಂಡವರನ್ನು ಕೇಳಿಕೊಂಡು, ಒಬ್ಬಳೇ ಔಷಧಿ ಅಂಗಡಿಗೆ ಹೋಗಿ ಬಂದಿದ್ದಳು. ಮಗಳ ಕಾಲು ಇನ್ನೂ ವಾಸಿಯಾಗಿಲ್ಲ ಎಂದು ಅಂಗಡಿಯವನಿಗೆ ಹೇಳಿ ಅದೇ ಕ್ಯಾಪ್ಸೂಲು ತಂದಿದ್ದಳು.

"ಕಾಲು ವಾಸಿಯಾಯ್ತಲ್ಲವ್ವ, ಇದ್ಯಾಕೆ?" ಎಂದೆ.

"ಕಾಲಿಗಲ್ಲ ಕಣವ್ವ, ಮೊಕಕ್ಕೆ." ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ತುಂಬಿದ ನೀರಿನ ಚೊಂಬು. "ಈಗ್ಲಾದ್ರೂ ಸರಿಯಾಗಿ ಕೊಡ್ತೀನಿ. ನುಂಗ್ಬುಡು ಮಗ."

ಮೊಡವೆ ನಿಂತು ವರ್ಷಗಳಾಗಿದ್ದವು. ಗುಳಿ ತುಂಬುವ ಮಾತ್ರೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅದನ್ನು ವಿವರಿಸಿ ಹೇಳಲು ನನಗೆ ಬರುತ್ತಿತ್ತು. ಹೇಳಲಿಲ್ಲ. ಚೊಂಬು ತೆಗೆದುಕೊಂಡೆ. ಅವ್ವ ತಂದದ್ದು ಮುಗಿಯುವವರೆಗೂ ಎರಡು ಹೊತ್ತೂ ಅವಳ ಕಣ್ಣೆದುರೇ ನುಂಗಿದೆ. ಕೊನೆಯ ಮಾತ್ರೆ ನುಂಗಿದ ಮರುದಿನ ಬೆಳಿಗ್ಗೆ ಅವಳು ನನ್ನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ, ಒರಟು ಬೆರಳಿನಿಂದ ಕೆನ್ನೆಗಳನ್ನು ಸವರಿ ನೋಡಿದಳು.

"ಒಂಚೂರು ವಾಸಿ ಕಾಣ್ತದೆ, ಅಲ್ವಾ?"

"ಹೂಂ ಕಣವ್ವ" ಎಂದೆ. "ಎಷ್ಟೋ ವಾಸಿ ಕಾಣ್ತದೆ."