ಪುರುಡು ಕಳೆದ ಮೇಲೆ

ನಮ್ಮ ಮನೆತನದಲ್ಲಿ ಮಡಿಗೆ ಇನ್ನೊಂದು ಹೆಸರು ಸುಲಭಾ. ನನ್ನ ಮೈದುನ ಮಾರ್ತಾಂಡನ ಹೆಂಡತಿ. ನಾವೆಲ್ಲ ಧಾರವಾಡ ಬಿಟ್ಟು ಪುಣೆಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ವಿಮಾನ ನಗರದಲ್ಲಿ ಅವರದು ಮೇಲಿನ ಫ್ಲ್ಯಾಟು, ನಮ್ಮದು ಕೆಳಗಿನದು. ಆಕೆ ನಲ್ಲಿಯನ್ನೂ ತೊಳೆದು ತಿರುಗಿಸುತ್ತಾಳೆ, ತಿರುಗಿಸಿ ಮತ್ತೆ ತೊಳೆಯುತ್ತಾಳೆ. "ಮಡಿ ಅಂದ್ರ ನಮ್ಮ ಸುಲಭಾಂದು," ಎಂದು ಅತ್ತೆ ಬಂದವರಿಗೆಲ್ಲ ಹೇಳುವರು. ಒಮ್ಮೆ ಹೋಳಿಗೆಗೆ ಕಣಕ ನಾದುವಾಗ ಆಕೆಯ ಬೆರಳ ಸಂದು ಒಡೆದು ಕಣಕಕ್ಕೆ ರಕ್ತ ಹತ್ತಿದ್ದನ್ನು ನಾನು ಕಣ್ಣಾರೆ ಕಂಡೆ. ಆ ಹೋಳಿಗೆಯನ್ನೇ ತುಪ್ಪ ಸುರಿದುಕೊಂಡು ತಿಂದು ಎಲ್ಲರೂ ಹೊಗಳಿದರು. ನಾನೂ ಬಾಯಿ ಮುಚ್ಚಿಕೊಂಡು ತಿಂದೆ. ನೆನೆದರೆ ಈಗಲೂ ಹೇಸಿಗೆಯಾಗುತ್ತದೆ, ರಕ್ತಕ್ಕಿಂತ ಆ ಹೊಗಳಿಕೆಗೇ ಹೆಚ್ಚು.

ಸಿಟ್ಟು ಬಂದರೆ ನಾನು ಪಾತ್ರೆ ಕುಕ್ಕುತ್ತೇನೆ. ಆಕೆ ತೊಳೆಯುತ್ತಾಳೆ. ತನ್ನ ಅಪ್ಪ ತೀರಿಕೊಂಡ ಸುದ್ದಿ ಬಂದಾಗ ಒಂದು ಹನಿ ಕಣ್ಣೀರು ಹಾಕದೆ ಮನೆಯ ಬಕೆಟ್ಟುಗಳನ್ನೆಲ್ಲ ತಿಕ್ಕಿದಳು. "ಶುದ್ಧ ಆತೇನ್ರಿ ವೈನಿ?" ಎಂದು ನನ್ನನ್ನು ಕೇಳುವಳು. "ಆತು ಬಿಡವಾ," ಎನ್ನುವೆ. ಐದು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ.

ಹೋದ ವರ್ಷ ಶ್ರಾವಣದಲ್ಲಿ ಆಕೆಯ ಮಗಳು ಅನುಜಾ ತವರಿನಲ್ಲಿ ಹೆತ್ತಳು, ಹೆಣ್ಣು ಕೂಸು. ಹತ್ತು ದಿನ ಸುಲಭಾ ಕೂಸನ್ನು ಮುಟ್ಟಲಿಲ್ಲ. ಬಾಣಂತಿಗೂ ಕೂಸಿಗೂ ಹತ್ತು ದಿನ ಪುರುಡಿನ ಮೈಲಿಗೆ ಇರುತ್ತದೆ, ಮಡಿಯವಳು ಮುಟ್ಟದಿದ್ದರೆ ತಪ್ಪೇನು ಎಂದೆವು. ಹನ್ನೊಂದನೆಯ ದಿನ ಆಚಾರ್ಯರು ಬಂದು ಪುಣ್ಯಾಹದ ನೀರು ಚಿಮುಕಿಸಿ, "ಪುರುಡು ಕಳೀತ್ರಿ. ಇನ್ನ ಎಲ್ಲಾ ಶುದ್ಧ," ಎಂದರು. ಅನುಜಾ ಕೂಸನ್ನು ತಾಯಿಯ ಮುಂದೆ ಚಾಚಿದಳು. ಸುಲಭಾ ಹಿಂದೆ ಸರಿದು ಬಚ್ಚಲಿಗೆ ಓಡಿದಳು. ಆಚಾರ್ಯರು ಊಟ ಮುಗಿಸಿ ಹೋಗುವ ತನಕ ನೀರಿನ ಸದ್ದು ನಿಲ್ಲಲಿಲ್ಲ.

ಶಾಸ್ತ್ರವೇ ಶುದ್ಧವೆಂದ ಮೇಲೂ ಮುಟ್ಟಲಾಗದಿದ್ದರೆ ಅದು ಮಡಿಯೇ? ಇಷ್ಟು ವರ್ಷ ಹೊಳೆಯದ್ದು ಅಂದು ಹೊಳೆಯಿತು. ಥೂ ನಮ್ಮ ಬುದ್ಧಿಗೆ.

"ಆಯಿ, ನನ್ನ ಕೂಸು ಅಷ್ಟು ಹೊಲಸೇನು?" ಎಂದು ಅನುಜಾ ಅತ್ತಳು. "ನೀ ಡಾಕ್ಟರ್ ಕಡೆ ಬರದಿದ್ರ ನಾ ವಾಕಡದ ಅತ್ತಿಮನಿಗೆ ಹೋಗಿಬಿಡ್ತೀನಿ. ಕೂಸಿನ್ನ ಮತ್ತ ಇಲ್ಲಿಗೆ ತರೂದಿಲ್ಲ."

ಜೊತೆಗೆ ಹೋದವಳು ನಾನು. ಡಾಕ್ಟರ್ ಮುಕ್ತಾ ಮರಾಠಿಯವರು, ಸಣ್ಣ ವಯಸ್ಸು. ಸಿಟ್ಟು ಬಂದರೆ ಏನು ಮಾಡುತ್ತೀರಿ ಎಂದು ಕೇಳಿದರು. "ಧುತೇ," ಎಂದಳು ಸುಲಭಾ, ತೊಳೆಯುತ್ತೇನೆ. ದುಃಖವಾದರೆ? "ಧುತೇ." ಅಂಜಿಕೆಯಾದರೆ? ಅದೇ ಉತ್ತರ.

ಇದು ಗೀಳಿನ ಕಾಯಿಲೆ, ಓಸಿಡಿ ಎಂದರು ಡಾಕ್ಟರ್. ಹೇಸಿಗೆ ಬಂದರೆ ಬರಲಿ, ಬಾಯಿಬಿಟ್ಟು ಹೇಳಿ, ತೊಳೆಯದೆ ಕೂತಿರಿ, ತಾನಾಗಿ ಇಳಿಯುತ್ತದೆ. ನನಗೂ ಒಂದು ಮಾತು ಬಿತ್ತು. ಶುದ್ಧವಾಯಿತೆಂದು ನೀವು ಸಮಾಧಾನ ಹೇಳಿದಷ್ಟೂ ರೋಗ ಬೆಳೆಯುತ್ತದೆ ಎಂದರು. ಉಪಕಾರವೆಂದು ನಾನೇ ವರ್ಷಗಟ್ಟಲೆ ಅದನ್ನು ಸಾಕಿದ್ದೆ.

ಮೂರು ತಿಂಗಳು ಗುಳಿಗೆ ನುಂಗಿದಳು, ವಾರಕ್ಕೊಮ್ಮೆ ಡಾಕ್ಟರ ಹತ್ತಿರ ಹೋದಳು. ಮೊದಲು ಬಾಗಿಲ ಚಿಲಕ, ಆಮೇಲೆ ಚಪ್ಪಲಿ ಮುಟ್ಟಿ ಕೈ ತೊಳೆಯದೆ ಕೂಡುವುದು. ಹಲ್ಲು ಕಚ್ಚಿ, ಬೆವೆತು ಕೂಡುತ್ತಿದ್ದಳು.

ದೀಪಾವಳಿಯಾದ ಮರುವಾರ ತಾನೇ ಕೈ ಚಾಚಿದಳು. ಅನುಜಾ ಕೂಸನ್ನಿಟ್ಟಳು. ಎರಡು ನಿಮಿಷಕ್ಕೆ ಕೂಸು ಕಾರಿತು. ಹುಳಿ ನಾರುವ ಹಾಲು ಸುಲಭಾಳ ಕುತ್ತಿಗೆಯಿಂದ ಕುಪ್ಪಸದೊಳಗೆ ಇಳಿಯಿತು. "ಅಯ್ಯ, ಮಡಿ ಹೋತಲ್ಲ!" ಎಂದರು ಅತ್ತೆ. ನನಗೇ ವಾಕರಿಕೆ ಬಂದು ಒದ್ದೆ ಅರಿವೆ ಹಿಡಿದು ಅವಳತ್ತ ಓಡಿದೆ.

ಸುಲಭಾ ಕೂಸನ್ನು ಬಿಡಲಿಲ್ಲ. ಬಚ್ಚಲ ಕಡೆ ಒಮ್ಮೆ ನೋಡಿ ನನ್ನ ಕಡೆ ತಿರುಗಿದಳು.

"ನಿಮಗ ಹೇಸಿಗಿ ಬಂತೇನ್ರಿ ವೈನಿ?"

"ಹೂಂ, ಬಂತು."

"ನನಗೂ ಭಾಳ ಬಂದದ," ಎಂದಳು. ಕಣ್ಣಿಂದ ನೀರು ಇಳಿಯುತ್ತಿತ್ತು. "ಆ ಅರಿವಿ ಅತ್ತಾಗ ಇಡ್ರಿ."