ಬಾಯಿ ಬಿಟ್ಟ ಗೊಂಬೆ

ಅಣ್ಣ ಚಿಕ್ಕಂದಿನಲ್ಲಿ ಸಿನಿಮಾ ನೋಡುತ್ತಿದ್ದದ್ದು ತಂಗಿಯ ಮುಖದಲ್ಲಿ. ಒಂಬತ್ತನೇ ವಯಸ್ಸಿಗೆ ಜ್ವರ ಬಂದು ಅವನ ಎರಡೂ ಕಿವಿ ಹೋದವು. ಮಾತು ಉಳಿಯಿತು, ಎದುರಿನವರ ತುಟಿ ನೋಡಿ ಅರ್ಥ ಹಿಡಿಯುವುದನ್ನು ತಾನಾಗಿಯೇ ಕಲಿತ. ಆದರೆ ಪರದೆಯ ಮೇಲಿನವರು ಬೆನ್ನು ತಿರುಗಿಸಿ ಮಾತಾಡುತ್ತಾರೆ, ಓಡುತ್ತಾ ಮಾತಾಡುತ್ತಾರೆ. ಗೊಂಬೆ ಚಿತ್ರಗಳಲ್ಲಂತೂ ಬಾಯಿ ಸುಮ್ಮನೆ ತೆರೆದು ಮುಚ್ಚುತ್ತದೆ. ಹಾಗಾಗಿ ಪಕ್ಕದಲ್ಲಿ ಕೂತ ತಂಗಿ ಪ್ರತಿ ಮಾತನ್ನೂ ಸದ್ದಿಲ್ಲದೆ ತುಟಿಯಲ್ಲಿ ಆಡಿ ತೋರಿಸುತ್ತಿದ್ದಳು. ಅವನು ಅರ್ಥ ಮಾಡಿಕೊಂಡು ನಕ್ಕು ಪರದೆಯತ್ತ ತಿರುಗುವಷ್ಟರಲ್ಲಿ ನಗಿಸಿದವನು ಅಲ್ಲಿ ಇರುತ್ತಿರಲಿಲ್ಲ. ಅವಳಿಗೆ ‘ಗಿಣಿ’ ಎಂದು ಹೆಸರಿಟ್ಟವನೂ ಅವನೇ.

ಗಿಣಿಗೆ ಈಗ ನಲವತ್ತೊಂದು. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಹಲ್ಲಿನ ಸೆಟ್ ತಯಾರಿಸುವುದು ಅವಳ ಕೆಲಸ. ಬೆಳಗ್ಗೆ ಆರರಿಂದ ಎಂಟೂವರೆಯವರೆಗೆ, ಕ್ಲಿನಿಕ್ ಬಾಗಿಲು ತೆರೆಯುವ ಮುಂಚೆ, ಅದೇ ಮೇಜಿನ ಮೇಲೆ ಅವಳು ಸಿನಿಮಾ ಮಾಡುತ್ತಿದ್ದಳು. ಒಂದು ಗೊಂಬೆ ಕೊಡೆ ರಿಪೇರಿಯವನು, ಇನ್ನೊಂದು ಅವನ ಗಿರಾಕಿ ಅಜ್ಜಿ. ಫೋಟೋಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದ ಅಣ್ಣ, ಉಳಿದ ಮರದ ಪಟ್ಟಿಗಳಲ್ಲಿ ಗೇಣುದ್ದದ ಕೊಡೆ ಅಂಗಡಿ ಕಟ್ಟಿಕೊಟ್ಟಿದ್ದ. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಮತ್ತೆ ಸರಿಸಿ ಇನ್ನೊಂದು. ಒಂದು ಬೆಳಗಿಗೆ ಮೂವತ್ತಾರು ಫೋಟೋ, ಅಂದರೆ ಪರದೆಯ ಮೇಲೆ ಮೂರು ಸೆಕೆಂಡು. ಬೀದಿಯಲ್ಲಿ ಲಾರಿ ಹೋದರೆ ಮೇಜು ಅದುರಿ ಆ ಮೂರು ಸೆಕೆಂಡೂ ನೀರಿನಲ್ಲಿ ಹೋಮ.

“ಇಷ್ಟೆಲ್ಲಾ ಯಾಕೆ? ಕೆಳಗೆ ಅಕ್ಷರ ಹಾಕಿಬಿಡು,” ಎಂದರು ಅವಳ ಗಂಡ.

“ಅಕ್ಷರ ಓದ್ತಾ ಕೂತ್ರೆ ಗೊಂಬೆ ನೋಡೋದು ಯಾವಾಗ ಭಾವ?” ಎಂದ ಅಣ್ಣ. ಅವನಿಗೆ ಬೇಕಿದ್ದದ್ದು ಅಷ್ಟೇ, ಗೊಂಬೆಯ ತುಟಿಯಲ್ಲೇ ಮಾತು ಓದಿಕೊಂಡು ಒಂದು ಸಿನಿಮಾವನ್ನು ಕಣ್ಣು ಕೀಳದೆ ನೋಡುವುದು. ಅವಳಿಗೆ ಬೇಕಿದ್ದದ್ದೂ ಅದೇ.

ಗೊಂಬೆಯ ಬಾಯಿಗಳನ್ನು ಅವಳು ಹಲ್ಲಿನ ಸೆಟ್ಟಿಗೆ ಬಳಸುವ ಗುಲಾಬಿ ಮೇಣದಲ್ಲೇ ಮಾಡಿದಳು; ಒಂದೊಂದು ಉಚ್ಚಾರಕ್ಕೂ ಒಂದನ್ನು ಕಿತ್ತು ಇನ್ನೊಂದನ್ನು ಅಂಟಿಸಬೇಕು. ಇಂಟರ್‌ನೆಟ್ಟಿನಲ್ಲಿ ಸಿಕ್ಕ ಪಟ್ಟಿಯಲ್ಲಿ ಒಂಬತ್ತು ಬಾಯಿ ಸಾಕು ಎಂದಿತ್ತು. ಒಂಬತ್ತೇ ಮಾಡಿದಳು. ಗೊಂಬೆ ಮಾಡಿದ್ದು, ಲಾರಿ ಕೆಡಿಸಿದ್ದು ಎಲ್ಲಾ ಸೇರಿ ಒಂಬತ್ತು ತಿಂಗಳ ಕೆಲಸಕ್ಕೆ ಎರಡು ನಿಮಿಷದ ಚಿತ್ರ ಆಯಿತು. ಅಣ್ಣನನ್ನು ಕೂರಿಸಿ ತೋರಿಸಿದಳು. ಅವನು ಮುಂದಕ್ಕೆ ಬಾಗಿ, ಹುಬ್ಬು ಗಂಟಿಕ್ಕಿ, ಮೂರು ಸಲ ನೋಡಿದ.

“ಚೆನ್ನಾಗಿದೆ ಗಿಣಿ. ಇವನು ಯಾವ ಭಾಷೆಯವನು?”

“ಅಣ್ಣಾ!”

“ಅಲ್ಲ ಕಣೇ, ಮಾತಿಗೊಂದು ಸಲ ಬಾಯಿಗೆ ಬೀಗ ಹಾಕ್ತಾನಲ್ಲ!”

ಆ ವಾರವೆಲ್ಲ ಅವಳು ಕನ್ನಡಿಯ ಮುಂದೆ ಕೂತು ಗೊಣಗಿಕೊಂಡಳು. ಮನೆ. ಕೊಡೆ. ಹೋಗು. ಬಾರೋ. ಹೊಸ ಸೆಟ್ ಹಾಕಿಕೊಂಡು ಮಾತಾಡಿ ನೋಡಲು ಬರುವ ರೋಗಿಗಳ ತುಟಿಗಳನ್ನೂ ದಿಟ್ಟಿಸಿದಳು. ಗುಟ್ಟು ಸಿಕ್ಕಿತು. ನಮ್ಮ ಮಾತುಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ, ಬಾಯಿ ತೆರೆದೇ ನಿಲ್ಲುತ್ತದೆ. ಪಟ್ಟಿ ಬೇರೆ ಯಾವುದೋ ಭಾಷೆಯದು. ಅಲ್ಲಿ ಮಾತು ಮುಗಿದರೆ ಬಾಯಿ ಮುಚ್ಚಬೇಕು. ಅವಳು ಒಂಬತ್ತು ತಿಂಗಳ ಕೆಲಸವನ್ನು ಬದಿಗಿಟ್ಟು ಹೊಸದಾಗಿ ಇಪ್ಪತ್ತೆರಡು ಬಾಯಿ ಮಾಡಿದಳು. ಅರೆತೆರೆದ ‘ಎ’ ಒಂದಕ್ಕೇ ಮೂರು ಬಾಯಿ.

“ಮನೇಲಿರೋ ಒಂದು ಬಾಯಿಗೇ ಉತ್ತರ ಕೊಡೋಕೆ ಆಗ್ತಿಲ್ಲ, ಇನ್ನೂ ಇಪ್ಪತ್ತೆರಡಾ?” ಎಂದರು ಗಂಡ. ಆದರೆ ಬೇಸಿಗೆಯಲ್ಲಿ ಮೇಣ ಕರಗಿ ಅಜ್ಜಿಯ ತುಟಿ ಗಲ್ಲಕ್ಕೆ ಜಾರಿದಾಗ, ಫ್ರಿಜ್ಜಿನಲ್ಲಿ ಮೊಟ್ಟೆಗಳನ್ನು ಆಚೆ ಸರಿಸಿ ಬಾಯಿಗಳಿಗೆ ಜಾಗ ಮಾಡಿಕೊಟ್ಟವರೂ ಅವರೇ.

ಎರಡನೇ ಸಲ ತೋರಿಸಿದಾಗ ಅಣ್ಣ ಗೊಂಬೆಯ ಜೊತೆಜೊತೆಗೇ ಮಾತುಗಳನ್ನು ಜೋರಾಗಿ ಹೇಳುತ್ತಾ ಹೋದ. ಒಂದೂ ತಪ್ಪಲಿಲ್ಲ. ಕೊನೆಗೆ ಮಾತ್ರ ತಲೆ ಕೆರೆದುಕೊಂಡ.

“ಅಜ್ಜಿ ಯಾಕೆ ‘ಈ ಕೊಡೆ ಬಳೆ ತಡೆಯುತ್ತಾ’ ಅಂತ ಕೇಳ್ತಾಳೆ?”

“ಬಳೆ ಅಲ್ಲ ಮಾರಾಯ, ಮಳೆ!”

“ಎರಡೂ ಒಂದೇ. ಕನ್ನಡಿ ನೋಡ್ಕೋ.”

ನೋಡಿಕೊಂಡಳು. ಮಳೆ, ಬಳೆ. ತುಟಿಗೆ ಎಳ್ಳಷ್ಟೂ ವ್ಯತ್ಯಾಸವಿಲ್ಲ. ‘ಮ’ಕ್ಕೆಂದೇ ಬೇರೆ ಬಾಯಿ ಮಾಡಲು ಹೊರಟವಳನ್ನು ಅವನೇ ತಡೆದ.

“ಸುಮ್ನೆ ಮೇಣ ಹಾಳು ಮಾಡ್ಬೇಡ. ನನಗೆ ದಿನಾ ಆಗೋದೇ ಇದು.” ಆಮೇಲೆ ಏನೋ ಹೊಳೆದು ಒಬ್ಬನೇ ನಗತೊಡಗಿದ. “ನಿನ್ನ ರಿಪೇರಿಯವನಿಗೂ ಕಿವಿ ಕೇಳಿಸದಿದ್ರೆ? ನಿಜವಾಗ್ಲೂ ಬಳೆ ನೇತುಹಾಕಿ ನೋಡ್ತಾನೆ, ತಡೆಯುತ್ತಾ ಇಲ್ವಾ ಅಂತ!”

ಸಿನಿಮಾಗೆ ಕತೆ ಸಿಕ್ಕಿದ್ದು ಆಗಲೇ. ಮುಗಿಯಲು ಇನ್ನೂ ಎರಡು ವರ್ಷ ಹಿಡಿಯಿತು. ಒಟ್ಟು ಏಳು ನಿಮಿಷ.

ಗ್ರಂಥಾಲಯದ ಸಭಾಂಗಣದಲ್ಲಿ ಒಂದು ಭಾನುವಾರ ಸಂಜೆ ಮೊದಲ ಪ್ರದರ್ಶನ. ಐವತ್ತು ಕುರ್ಚಿ, ನಲವತ್ತಕ್ಕೂ ಹೆಚ್ಚು ಜನ. ನಾಲ್ಕನೇ ನಿಮಿಷಕ್ಕೆ ಸ್ಪೀಕರ್ ಗೊರಗೊರ ಎಂದು ಸತ್ತಿತು. ಗೊಂಬೆಗಳು ಬಾಯಾಡಿಸುತ್ತಿದ್ದವು, ಸದ್ದಿಲ್ಲ. ಜನ ಅತ್ತಿತ್ತ ನೋಡಿದರು. ಪ್ರೊಜೆಕ್ಟರಿನವನು ತಂತಿಗಳ ಕಡೆಗೆ ಓಡಿದ. ಚಿತ್ರ ನಿಲ್ಲಿಸಿ ಎನ್ನಲು ಗಿಣಿ ಎದ್ದು ನಿಂತಳು.

ಆಗ ಎರಡನೇ ಸಾಲಿನಲ್ಲಿ ಯಾರೋ ಬಿದ್ದು ಬಿದ್ದು ನಕ್ಕರು.

ಅಣ್ಣ. ಸದ್ದು ಹೋದದ್ದು ಅವನಿಗೆ ಗೊತ್ತೇ ಇರಲಿಲ್ಲ. ಅವನ ಕಣ್ಣು ಪರದೆಗೆ ಅಂಟಿಕೊಂಡಿತ್ತು. ಹಿಂದಿನ ಸಾಲಿನ ಹೆಂಗಸೊಬ್ಬರು ಅವನ ಭುಜ ತಟ್ಟಿದರು. “ಏನಂತೆ? ಅಜ್ಜಿ ಏನಂದ್ಲು?”

“ಮಳೆ ತಡೆಯುತ್ತಾ ಅಂದ್ಲು!” ಏನು ಕೇಳಿರಬಹುದೆಂದು ತಿರುಗದೆಯೇ ಊಹಿಸಿ ಹೇಳಿದ. ಅಣ್ಣನ ದನಿ ಮೊದಲೇ ದೊಡ್ಡದು, ಇಡೀ ಸಭಾಂಗಣಕ್ಕೆ ಕೇಳಿಸಿತು. “ಇವನು ಬಳೆ ಅಂದ್ಕೊಂಡ. ನೋಡಿ ನೋಡಿ, ನೇತುಹಾಕ್ತಾನೆ ಈಗ!”

ಕೊಡೆಯ ಕಡ್ಡಿಗಳ ಮೇಲೆ ಒಂದೊಂದೇ ಬಳೆ ಏರಿತು. ಸಭಾಂಗಣ ಗೊಳ್ಳೆಂದಿತು. “ಮುಂದೆ? ಮುಂದೆ ಏನಂದ?” ಎಂದು ಬೇರೆ ಬೇರೆ ಕಡೆಯಿಂದ ಕೇಳತೊಡಗಿದರು. ಅಣ್ಣನಿಗೆ ಅದೊಂದೂ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ. ಪರದೆಯಿಂದ ಕಣ್ಣು ಕೀಳದೆ ಅಜ್ಜಿಗೊಂದು ದನಿ, ರಿಪೇರಿಯವನಿಗೊಂದು ದನಿ ಮಾಡಿ ಹೇಳುತ್ತಾ ಹೋದ.

ಪ್ರೊಜೆಕ್ಟರಿನವನು ಬಗ್ಗಿಕೊಂಡೇ ಗಿಣಿಯ ಬಳಿ ಬಂದ.

“ಅಕ್ಕಾ, ವೈರ್ ಸರಿಯಾಯ್ತು. ಸೌಂಡ್ ಹಾಕ್ಲಾ?”

“ಬೇಡಪ್ಪಾ,” ಎಂದು ಅವಳು ಕುರ್ಚಿಯಲ್ಲಿ ಕೂತಳು. “ಇನ್ನೊಂದೂವರೆ ನಿಮಿಷ ಇದೆ. ಅವನೇ ಮಾತಾಡ್ಲಿ.”